ಕೋಳಿಯ ಕೊಬ್ಬೂ ಕೊರಳಿನ ಗ್ರಂಥಿಯೂ

ಮಾಂಸಕ್ಕಾಗಿ ಸಾಕಿದ ಕೋಳಿಯನ್ನು ಕೊಯ್ದು ಹೊಟ್ಟೆಯನ್ನು ಬಿಡಿಸಿದಾಗ, ಕಾಳನ್ನು ಅರೆಯುವ ಗಟ್ಟಿಹೊಟ್ಟೆಯ ಸುತ್ತಲೂ ಗುದದ್ವಾರದ ಬಳಿಯಲ್ಲಿಯೂ ಹಳದಿ ಬಣ್ಣದ ಕೊಬ್ಬಿನ ಮುದ್ದೆಯು ಅಂಟಿಕೊಂಡಿರುವುದನ್ನು ವಾಚಕರಲ್ಲಿ ಅನೇಕರು ನೋಡಿಯೇ ಇರುವರು. ಅಂಗಡಿಯವನು ಅದನ್ನು ಕಿತ್ತು ಬೇರೆಯಿಡುತ್ತಾನೆ. ಕೊಳ್ಳುವವನು ಅದು ತನಗೆ ಬೇಡವೆನ್ನುತ್ತಾನೆ. ಕೋಳಿಯನ್ನು ಸಾಕಿದ ರೈತನು ಮಾತ್ರ ಅದಕ್ಕಾಗಿ ಮೊದಲೇ ಹಣವನ್ನು ತೆತ್ತಿರುತ್ತಾನೆ.

ಆ ಹಣವು ಎಷ್ಟೆಂಬುದನ್ನು ಸ್ಥೂಲವಾಗಿ ಲೆಕ್ಕಹಾಕಿ ನೋಡಬಹುದು. ಬ್ರಾಯ್ಲರ್ ಜಾತಿಯ ಕೋಳಿಗಳಲ್ಲಿ ಹೊಟ್ಟೆಯ ಕೊಬ್ಬು ಜೀವಂತ ತೂಕದಲ್ಲಿ ನೂರಕ್ಕೆ ಸುಮಾರು ೨ ರಿಂದ ೩ ರಷ್ಟು ಇರುವುದುಂಟು. ಎರಡು ಕಿಲೋಗ್ರಾಂ ತೂಗುವ ಕೋಳಿಯಲ್ಲಿ ನೂರಕ್ಕೆ ಎರಡೂವರೆಯಂತೆ ಹಿಡಿದರೆ ೫೦ ಗ್ರಾಂ ಆಗುವುದು. ಸಾವಿರ ಕೋಳಿಗಳ ಒಂದು ತಂಡದಲ್ಲಿ ೫೦ ಕಿಲೋಗ್ರಾಂ ಆಗುವುದು. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರೇ ಇದೆ. ಕೊಬ್ಬಿನಲ್ಲಾದರೋ ನೀರು ಅತ್ಯಲ್ಪ, ಒಂದು ಗ್ರಾಂ ಶುದ್ಧ ಕೊಬ್ಬಿನಲ್ಲಿ ೯ ಕಿಲೋಕ್ಯಾಲೊರಿಗಿಂತಲೂ ಹೆಚ್ಚು ಶಕ್ತಿಯು ಅಡಗಿದೆ. ಆದಕಾರಣ ಮೇಲೆ ಹೇಳಿದ ೫೦ ಕಿಲೋಗ್ರಾಂ ಮುದ್ದೆಯಲ್ಲಿ ನೂರು ಕಿಲೋಗ್ರಾಂಗೂ ಮಿಕ್ಕ ಮೇವಿನ ಶಕ್ತಿಯು ಕೂಡಿಹೋಗಿರುತ್ತದೆ. ಅಂದರೆ ಸಾವಿರ ಕೋಳಿಗಳನ್ನು ಸಾಕಿದವನು ಎರಡು ಮೂಟೆ ಮೇವನ್ನು ತಂದು ಯಾರಿಗೂ ಬೇಡವಾದ ಪದಾರ್ಥವನ್ನು ತಯಾರುಮಾಡಿದಂತಾಯಿತು.

ಹೆಚ್ಚಾಗಿ ತಿಂದರೆ ಕೊಬ್ಬುವುದು ಸಹಜವಲ್ಲವೇ ಎಂದು ಕೆಲವರು ಕೇಳಬಹುದು. ಮಾತು ನಿಜವೇ ಆದರೂ ಪೂರ್ತಿಯಾಗಿ ನಿಜವಲ್ಲ. ಫ್ರಾನ್ಸ್ ದೇಶದ ವ್ಯವಸಾಯ ಸಂಶೋಧನಾಲಯದವರು ೧೯೭೦ರ ದಶಕದಲ್ಲಿ ಒಂದೇ ಮೂಲದ ಕೋಳಿಗಳನ್ನು ಆರಿಸಿಕೊಂಡು, ಹೊಟ್ಟೆಯ ಕೊಬ್ಬು ಹೆಚ್ಚಾದುವನ್ನು ಒಂದು ಕಡೆಯೂ ಕಡಮೆಯಾದುವನ್ನು ಇನ್ನೊಂದು ಕಡೆಯೂ ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತಾ ಬಂದರು. ಎರಡು ವಂಶಗಳ ಕೋಳಿಗಳೂ ಸರಿಸುಮಾರು ಒಂದೇ ತೂಕಕ್ಕೆ ಬೆಳೆದುವು, ಸರಿಸುಮಾರು ಅಷ್ಟೇ ಮೇವನ್ನು ತಿಂದುವು. ಆದರೂ ಒಂದರ ಹೊಟ್ಟೆಯ ಕೊಬ್ಬು ಇನ್ನೊಂದರದಕ್ಕಿಂತ ಹಲವು ಪಟ್ಟು ಹೆಚ್ಚಾಯಿತು. ತಿಂದ ಮೇವು ಮಾಂಸವಾಗಬೇಕೋ, ಶಾಖವಾಗಿ ಹೋಗಬೇಕೋ, ಕೊಬ್ಬಾಗಿ ನಿಲ್ಲಬೇಕೋ ಎಂಬುದನ್ನು ದೇಹವು ತನ್ನೊಳಗೇ ತೀರ್ಮಾನಿಸುತ್ತದೆಂಬುದು ಇದರಿಂದ ಸ್ಪಷ್ಟವಾಗುವುದು. ಈ ತೀರ್ಮಾನದಲ್ಲಿ ಕೈಯಿಡುವ ಅಂಗಗಳು ಹಲವು. ಅವುಗಳಲ್ಲಿ ಮುಖ್ಯವಾದೊಂದು ಕೊರಳಿನ ಥೈರಾಯ್ಡ್ ಗ್ರಂಥಿ. ಅದರ ಕಾರ್ಯವನ್ನೂ, ಕೋಳಿ ಸಾಕುವವರು ಅದರಿಂದ ಕಲಿಯಬೇಕಾದುದನ್ನೂ ಈ ಲೇಖನದಲ್ಲಿ ವಿವರಿಸಲಾಗುವುದು.

ಗ್ರಂಥಿಯ ಸ್ವರೂಪ

ಕೋಳಿಯ ಕೊರಳು ಎದೆಗೂಡನ್ನು ಸೇರುವ ಎಡೆಯಲ್ಲಿ, ಶ್ವಾಸನಾಳದ ಎರಡು ಪಕ್ಕಗಳಲ್ಲಿಯೂ, ದೊಡ್ಡ ರಕ್ತನಾಳಗಳಿಗೆ ಒತ್ತಿಕೊಂಡು, ಕಡುಗೆಂಪು ಬಣ್ಣದ ಎರಡು ಸಣ್ಣ ಅಂಡಾಕಾರದ ಗಡ್ಡೆಗಳಿರುವುವು. ಮನುಷ್ಯನಲ್ಲಿ ಈ ಗ್ರಂಥಿಯ ಎರಡು ಹೋಳುಗಳು ಗಂಟಲಿನ ಮುಂದೆ ಒಂದಕ್ಕೊಂದು ಕೂಡಿಕೊಂಡಿವೆ. ಕೋಳಿಯಲ್ಲಿ ಅವು ಬೇರೆಬೇರೆಯಾಗಿಯೇ ಇವೆ. ಆಹಾರದಲ್ಲಿ ಅಯೋಡಿನ್ ಸಾಲದ ಸೀಮೆಗಳ ಜನರಲ್ಲಿ ಕಾಣುವ ಗಳಗಂಡವು ಈ ಗ್ರಂಥಿಯ ಬಾವೇ ಆಗಿದೆ. ಈ ಗ್ರಂಥಿಗೆ ಹೊರಕ್ಕೆ ಹೋಗುವ ನಾಳವಿಲ್ಲ. ಇದರ ರಸವು ನೇರವಾಗಿ ರಕ್ತವನ್ನು ಸೇರಿ ದೇಹದ ಎಲ್ಲಾ ಭಾಗಗಳಿಗೂ ಹೋಗುತ್ತದೆ. ಇಂತಹ ರಸಗಳಿಗೆ ಹಾರ್ಮೋನುಗಳೆಂದು ಹೆಸರು.

ಅಮೆರಿಕ ದೇಶದ ಕೆಂಡಾಲ್ ಎಂಬ ವಿಜ್ಞಾನಿಯು ೧೯೧೪ನೆಯ ಇಸವಿ ಡಿಸೆಂಬರ್ ೨೫ ರಂದು ಈ ರಸದ ಸಾರವನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದನು. ಇದೇ ಥೈರಾಕ್ಸಿನ್. ಇದರ ಪ್ರತಿ ಕಣದಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. ಇಡೀ ಪದಾರ್ಥದ ತೂಕದಲ್ಲಿ ನೂರಕ್ಕೆ ಸುಮಾರು ೬೫ ಪಾಲು ಅಯೋಡಿನ್ನೇ ಆಗಿದೆ. ೧೯೫೨ರಲ್ಲಿ ಲಂಡನ್ನಿನಲ್ಲಿ ಗ್ರಾಸ್ ಮತ್ತು ಪಿಟ್-ರಿವರ್ಸ್ ಎಂಬವರು ಮೂರೇ ಪರಮಾಣು ಅಯೋಡಿನ್ ಉಳ್ಳ ಇನ್ನೊಂದು ರಸವನ್ನು ಕಂಡುಹಿಡಿದರು. ಇದನ್ನು ಸಂಕ್ಷೇಪವಾಗಿ ಟಿ-೩ ಎನ್ನುವರು. ನಿಜವಾಗಿ ಕೆಲಸಮಾಡುವುದು ಈ ಟಿ-೩ ರಸವೇ.

ಇವೆರಡರ ಸಂಬಂಧವನ್ನು ಬತ್ತ ಮತ್ತು ಅಕ್ಕಿಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಕೋಳಿಯ ಗ್ರಂಥಿಯು ಹೊರಬಿಡುವುದು ಬಹುಮಟ್ಟಿಗೆ ಥೈರಾಕ್ಸಿನ್ನನ್ನೇ. ಇದು ಕಣಜದ ಬತ್ತವಿದ್ದಂತೆ. ಹಾಗೆಯೇ ಉಣ್ಣಲು ಬಾರದು. ಯಕೃತ್ತು, ಅಂದರೆ ಮಾಂಸದಂಗಡಿಯಲ್ಲಿ ಲಿವರ್ ಎಂದು ಕರೆಯುವ ಅಂಗವು, ಗಿರಣಿಯಂತೆ ಅದರಿಂದ ಒಂದು ಪರಮಾಣು ಅಯೋಡಿನ್ನನ್ನು ತೆಗೆದು ಟಿ-೩ ಎಂಬ ಅಕ್ಕಿಯನ್ನು ಮಾಡುತ್ತದೆ. ಅದೇ ಯಕೃತ್ತಿನಲ್ಲಿ ಇನ್ನೊಂದು ಕಿಣ್ವವೂ ಉಂಟು. ಅದು ಟಿ-೩ ರಸದಿಂದ ಮತ್ತೊಂದು ಪರಮಾಣುವನ್ನು ಕಿತ್ತು ಅದನ್ನು ನಿರುಪಯುಕ್ತವಾದ ಹೊಟ್ಟನ್ನಾಗಿ ಮಾಡಿಬಿಡುತ್ತದೆ. ಆದುದರಿಂದ ಗ್ರಂಥಿಯು ಎಷ್ಟು ಬತ್ತವನ್ನು ಕಳುಹಿಸಿತೆಂಬುದಕ್ಕಿಂತ, ಗಿರಣಿಯಲ್ಲಿ ಎಷ್ಟು ಅಕ್ಕಿ ಉಳಿಯಿತೆಂಬುದೇ ಮುಖ್ಯ. ಮನುಷ್ಯನ ರಕ್ತದಲ್ಲಿ ಥೈರಾಕ್ಸಿನ್ನು ಅರ್ಧಕ್ಕೆ ಇಳಿಯಬೇಕಾದರೆ ಒಂದು ವಾರ ಹಿಡಿಯುತ್ತದೆ; ಕೋಳಿಯಲ್ಲಿ ಇದು ಕೆಲವೇ ಗಂಟೆಗಳ ಮಾತು. ಮೇವು, ಉಪವಾಸ, ಚಳಿ, ಸೆಕೆ ಇವುಗಳಲ್ಲಿ ಆಗುವ ವ್ಯತ್ಯಾಸವು ಕೋಳಿಯ ರಕ್ತದಲ್ಲಿ ಅಷ್ಟು ಬೇಗನೆ ತೋರಿಬರುವುದಕ್ಕೆ ಇದೂ ಒಂದು ಕಾರಣವು.

ಕೊಬ್ಬು ಹುಟ್ಟುವ ಸ್ಥಳ

ಕೋಳಿಯ ಹೊಟ್ಟೆಯಲ್ಲಿ ಕಾಣುವ ಕೊಬ್ಬು ಆ ಸ್ಥಳದಲ್ಲಿಯೇ ಹುಟ್ಟಿದುದಲ್ಲ. ಹಂದಿಯಲ್ಲಿ ಕೊಬ್ಬಿನ ಕೋಶಗಳು ತಮ್ಮ ಕೊಬ್ಬನ್ನು ಬಹುಮಟ್ಟಿಗೆ ತಾವೇ ತಯಾರಿಸಿಕೊಳ್ಳುವುವು. ಕೋಳಿಯಲ್ಲಿ ಈ ತಯಾರಿಕೆಯೆಲ್ಲಾ ಬಹುತೇಕ ಯಕೃತ್ತಿನಲ್ಲಿಯೇ ನಡೆಯುತ್ತದೆ. ಮುಸುಕಿನ ಜೋಳ, ನುಚ್ಚಕ್ಕಿ ಮೊದಲಾದ ಕಾಳುಗಳ ಪಿಷ್ಟವು ಕರುಳಿನಲ್ಲಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಆ ಹೊತ್ತಿನ ಖರ್ಚಿಗೆ ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬನ್ನಾಗಿ ಮಾರ್ಪಡಿಸುತ್ತದೆ. ಈ ಕೊಬ್ಬು ಸಣ್ಣ ಸಣ್ಣ ಪೊಟ್ಟಣಗಳಂತೆ ರಕ್ತದಲ್ಲಿ ತೇಲಿಕೊಂಡು ಹೋಗಿ ಹೊಟ್ಟೆಯಲ್ಲಿಯೂ ಚರ್ಮದ ಕೆಳಗೂ ಶೇಖರವಾಗುತ್ತದೆ.

ಥೈರಾಕ್ಸಿನ್ನನ್ನು ಟಿ-೩ ರಸವಾಗಿ ಮಾಡುವ ಅಂಗವೂ ಯಕೃತ್ತೇ, ಸಕ್ಕರೆಯನ್ನು ಕೊಬ್ಬಾಗಿ ಮಾಡುವ ಅಂಗವೂ ಯಕೃತ್ತೇ ಎಂಬುದನ್ನು ವಾಚಕರು ಗಮನಿಸಬೇಕು. ಎರಡು ಕೆಲಸಗಳೂ ಒಂದೇ ಸೂರಿನ ಕೆಳಗೆ ನಡೆಯುವುದರಿಂದ ಒಂದರ ಏರುಪೇರು ಇನ್ನೊಂದನ್ನು ತಟ್ಟದೆ ಬಿಡುವುದಿಲ್ಲ.

ರಸವು ಮಾಡುವ ಎರಡು ಕೆಲಸಗಳು

ಥೈರಾಯ್ಡ್ ರಸವು ದೇಹದ ಒಲೆಯನ್ನು ಊದುವ ಕೊಳವೆಯಂತೆ. ಅದು ಹೆಚ್ಚಿದರೆ ಮಾಂಸಖಂಡಗಳೂ ಇತರ ಅಂಗಗಳೂ ಹೆಚ್ಚು ಸೌದೆಯನ್ನು, ಎಂದರೆ ಸಕ್ಕರೆಯನ್ನೂ ಕೊಬ್ಬನ್ನೂ, ಉರಿಸಿ ಶಾಖವನ್ನುಂಟುಮಾಡುವುವು. ಅದು ಕುಂದಿದರೆ ಒಲೆಯು ಮಂದವಾಗುವುದು. ಇದಕ್ಕೆ ಸುಂದರವಾದ ಉದಾಹರಣೆಯು ಮೊಟ್ಟೆಯೊಳಗಿನ ಮರಿಯೇ. ಇಪ್ಪತ್ತೊಂದು ದಿವಸಗಳ ಕಾಲ ಆ ಮರಿಯು ಬದುಕುವುದು ಬಹುಮಟ್ಟಿಗೆ ಭಂಡಾರದ ಕೊಬ್ಬನ್ನು ಉರಿಸಿಕೊಂಡೇ; ಅದಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಭಂಡಾರದ ಕೊಬ್ಬಿನಿಂದಲೇ ಒದಗುತ್ತದೆ. ಮರಿಯು ಗಾಳಿಯ ಕೋಣೆಗೆ ಕೊಕ್ಕನ್ನು ಚಾಚಿ ಮೊದಲ ಉಸಿರನ್ನು ಎಳೆದುಕೊಳ್ಳುವ ಸಮಯಕ್ಕೆ ಅದರ ರಕ್ತದಲ್ಲಿ ಟಿ-೩ ಥಟ್ಟನೆ ಏರುವುದು. ಚಿಪ್ಪನ್ನು ಒಡೆದು ಹೊರಗೆ ಬಂದ ಮರಿಯು ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳಲು ಕಲಿಯುವುದು ಈ ರಸದ ಸಹಾಯದಿಂದ.

ಆದರೆ ಇದೇ ರಸಕ್ಕೆ ಇನ್ನೊಂದು ಮುಖವೂ ಉಂಟು. ಮರಿಯ ಯಕೃತ್ತಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಜೀವಂತವಾಗಿಟ್ಟು ಅವುಗಳಿಗೆ ಟಿ-೩ ಹಾಕಿದರೆ, ಕೊಬ್ಬನ್ನು ತಯಾರಿಸುವ ಕಿಣ್ವಗಳು ಬಹುವಾಗಿ ಹೆಚ್ಚುವುವೆಂದು ಪ್ರಯೋಗಗಳಿಂದ ಸಿದ್ಧವಾಗಿದೆ. ಉಪವಾಸವಿದ್ದ ಕೋಳಿಯಲ್ಲಿ ಟಿ-೩ ಇಳಿಯುತ್ತದೆ. ಮತ್ತೆ ಮೇವು ಹಾಕಿದೊಡನೆ ಏರುತ್ತದೆ. ಉಪವಾಸದಲ್ಲಿ ಮಿತವ್ಯಯ ಮಾಡುವುದೂ, ಮೇವು ಬಂದಾಗ ಮುಂದಿನ ದಿನಗಳಿಗೆ ಕೂಡಿಡುವುದೂ ಪ್ರಕೃತಿಯ ಜಾಣತನವೇ ಸರಿ.

ಕೊಬ್ಬನ್ನು ಮಾಡಿಸುವುದೂ ಈ ರಸವೇ, ಉರಿಸುವುದೂ ಈ ರಸವೇ ಎಂದರೆ ವಿಚಿತ್ರವಾಗಿ ತೋರಬಹುದು. ಆದಾಯವೂ ವೆಚ್ಚವೂ ಜೊತೆಯಾಗಿ ಹೆಚ್ಚುವ ಸಂಸಾರಗಳು ಇಲ್ಲವೇ? ಅಂತಹ ಮನೆಯಲ್ಲಿ ವರ್ಷದ ಕೊನೆಗೆ ಉಳಿಯುವುದು ಇವೆರಡರ ವ್ಯತ್ಯಾಸವಷ್ಟೆ. ರಸವು ತಕ್ಕಮಟ್ಟಿಗಿದ್ದರೆ ಕೋಳಿಯು ಚೆನ್ನಾಗಿ ಬೆಳೆದು ಸ್ವಲ್ಪ ಕೊಬ್ಬನ್ನು ಕೂಡಿಸುತ್ತದೆ. ರಸವು ಅತಿಯಾದರೆ ವೆಚ್ಚವು ಆದಾಯವನ್ನು ಮೀರಿ, ಕೊಬ್ಬಿನೊಂದಿಗೆ ಮಾಂಸವೂ ಕರಗುವುದು. ರಸವು ತೀರ ಕುಂದಿದರೆ ಆದಾಯಕ್ಕಿಂತ ವೆಚ್ಚವೇ ಹೆಚ್ಚಾಗಿ ಕುಗ್ಗಿ, ಬೆಳೆಯದ ಮೈಮೇಲೆ ಕೊಬ್ಬು ಏರುವುದು.

ಗ್ರಂಥಿಯು ಕೆಟ್ಟ ಕೋಳಿಗಳು

ಈ ಕೊನೆಯ ಮಾತಿಗೆ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯಕ್ಷ ನಿದರ್ಶನವು ದೊರೆಯಿತು. ಅಲ್ಲಿ ಸಾಕುತ್ತಿದ್ದ ಬಿಳಿಯ ಲೆಗ್‌ಹಾರ್ನ್ ಕೋಳಿಗಳ ಒಂದು ವಂಶದಲ್ಲಿ ೧೯೫೫ರ ಸುಮಾರಿಗೆ ಕೆಲವು ವಿಚಿತ್ರವಾದ ಹೇಂಟೆಗಳು ಕಂಡುಬಂದುವು. ಅವುಗಳ ಮೈ ಚಿಕ್ಕದು. ಆದರೆ ಚರ್ಮದ ಕೆಳಗೂ ಹೊಟ್ಟೆಯಲ್ಲಿಯೂ ಕೊಬ್ಬು ತುಂಬಿಕೊಂಡಿತ್ತು. ಗರಿಗಳು ಉದ್ದವಾಗಿ ರೇಷ್ಮೆಯಂತೆ ನವುರಾಗಿದ್ದುವು. ಚಳಿಯನ್ನು ಅವು ತಡೆಯಲಾರವು. ಮೊಟ್ಟೆಯಿಡುವುದೂ ಬಹಳ ಕಡಮೆ. ಬೇರೊಬ್ಬರಾಗಿದ್ದರೆ ಇಂತಹ ಕೋಳಿಗಳನ್ನು ತಂಡದಿಂದ ತೆಗೆದುಹಾಕಿ ಸುಮ್ಮನಾಗುತ್ತಿದ್ದರು. ಅಲ್ಲಿನ ರ್‍ಯಾಂಡಲ್ ಕೋಲ್ ಎಂಬ ತಳಿಶಾಸ್ತ್ರಜ್ಞನು ಹಾಗೆ ಮಾಡದೆ, ಅವುಗಳನ್ನೇ ಬೇರೆಯಾಗಿಟ್ಟು ಸಂತಾನವನ್ನು ಬೆಳೆಸಿದನು. ಈ ದೋಷವು ವಂಶಪಾರಂಪರ್ಯವಾಗಿ ಬರುವುದೆಂದೂ ಥೈರಾಯ್ಡ್ ರಸದ ಕೊರತೆಯೇ ಇದಕ್ಕೆ ಕಾರಣವೆಂದೂ ೧೯೬೬ರಲ್ಲಿ ಪ್ರಕಟಿಸಿದನು. ಆ ವಂಶಕ್ಕೆ ‘ಸ್ಥೂಲ ವಂಶ’ ಎಂಬ ಅರ್ಥದ ಹೆಸರೇ ಬಿದ್ದಿದೆ.

ಈ ಕೋಳಿಗಳ ಗ್ರಂಥಿಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ, ರೋಗಗಳೊಡನೆ ಹೋರಾಡಬೇಕಾದ ಬಿಳಿಯ ರಕ್ತಕಣಗಳು ಗ್ರಂಥಿಯನ್ನೇ ಶತ್ರುವೆಂದು ಭಾವಿಸಿ ಮುತ್ತಿ ಹಾಳುಮಾಡಿರುವುದು ಕಂಡುಬಂದಿತು. ಜಪಾನಿನ ಹಾಷಿಮೊಟೊ ಎಂಬ ವೈದ್ಯನು ೧೯೧೨ರಲ್ಲಿ ಮನುಷ್ಯರಲ್ಲಿ ವರ್ಣಿಸಿದ ವ್ಯಾಧಿಯನ್ನು ಇದು ಬಹಳವಾಗಿ ಹೋಲುವುದರಿಂದ, ಈ ಕೋಳಿಗಳು ವೈದ್ಯಶಾಸ್ತ್ರಕ್ಕೂ ಉಪಕಾರಮಾಡಿವೆ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟು: ಈ ಕೋಳಿಗಳಿಗೆ ಥೈರಾಕ್ಸಿನ್ನನ್ನು ಹೊರಗಿನಿಂದ ಒದಗಿಸಿದರೆ ಅವು ಇತರ ಕೋಳಿಗಳಂತೆಯೇ ಬೆಳೆಯುವುವು. ಅವು ಕೊಬ್ಬಿದುದು ಹೊಟ್ಟೆಬಾಕತನದಿಂದಲ್ಲ, ಒಲೆಯು ಆರಿದುದರಿಂದ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ಗ್ರಂಥಿಯು ಸರಿಯಾಗಿದ್ದೂ ಕೊಬ್ಬುವ ಕೋಳಿಗಳೂ ಉಂಟು. ತಾಯಿಕೋಳಿಗಳ ಮೇವನ್ನು ಉಳಿಸುವುದಕ್ಕಾಗಿ ಕೆಲವು ದೇಶಗಳಲ್ಲಿ ಬಳಸುವ ಕುಳ್ಳ ತಳಿಯ ಕೋಳಿಗಳಲ್ಲಿ, ಬೆಳೆವಣಿಗೆಯ ಹಾರ್ಮೋನು ತನ್ನ ಕೆಲಸವನ್ನು ನಡೆಸಲು ಬೇಕಾದ ಗ್ರಾಹಕವು ಜನ್ಮತಃ ದೋಷಯುಕ್ತವಾಗಿರುತ್ತದೆ. ಟಿ-೩ ರಸವನ್ನು ಹೊಟ್ಟುಮಾಡುವ ಕಿಣ್ವವನ್ನು ಹದ್ದಿನಲ್ಲಿಡುವುದು ಆ ಹಾರ್ಮೋನಿನ ಒಂದು ಕೆಲಸ. ಅದು ನಡೆಯದುದರಿಂದ ಈ ಕೋಳಿಗಳಲ್ಲಿ ಥೈರಾಕ್ಸಿನ್ನು ಇದ್ದರೂ ಟಿ-೩ ಕಡಮೆಯಾಗಿಯೇ ಇರುವುದು. ಮೈಯಲ್ಲಿ ಕೊಬ್ಬಿನ ಪ್ರಮಾಣವು ಹೆಚ್ಚುವುದು. ಕಣಜದಲ್ಲಿ ಬತ್ತವಿದ್ದರೂ ಗಿರಣಿಯಲ್ಲಿ ಅಕ್ಕಿಯು ಪೋಲಾದರೆ ಮನೆಯಲ್ಲಿ ಅನ್ನವಿಲ್ಲವಷ್ಟೆ.

ಔಷಧದಿಂದ ಸಾಧಿಸುವ ಪ್ರಯತ್ನ

ಇಷ್ಟನ್ನು ಕೇಳಿದವರಿಗೆ, ಹಾಗಾದರೆ ಮೇವಿನಲ್ಲಿ ಈ ರಸವನ್ನೇ ಬೆರಸಿಬಿಟ್ಟರೆ ಕೊಬ್ಬಿನ ಕಾಟವು ತಪ್ಪಲಿಲ್ಲವೇ ಎಂದು ತೋರುವುದು ಸಹಜ. ಈ ಯೋಚನೆಯು ಹೊಸದಲ್ಲ. ೧೯೪೦ರ ದಶಕದಲ್ಲಿಯೇ ಅಮೆರಿಕದ ವಿಜ್ಞಾನಿಗಳು ಎರಡು ದಿಕ್ಕುಗಳಲ್ಲಿಯೂ ಇದನ್ನು ಪರೀಕ್ಷಿಸಿದರು. ಹಾಲಿನ ಕೇಸಿನ್ನಿಗೆ ಅಯೋಡಿನ್ನನ್ನು ಕೂಡಿಸಿ, ಥೈರಾಕ್ಸಿನ್ನಿನ ಗುಣವುಳ್ಳ ಪುಡಿಯನ್ನು ತಯಾರಿಸಿ ಮೊಟ್ಟೆಕೋಳಿಗಳಿಗೆ ತಿನ್ನಿಸಿದರು. ಇದಕ್ಕೆ ವಿರುದ್ಧವಾಗಿ, ಆಗ ತಾನೇ ಬಳಕೆಗೆ ಬಂದಿದ್ದ ಥಯೋಯುರಾಸಿಲ್ ಎಂಬ ಔಷಧದಿಂದ ಗ್ರಂಥಿಯ ಕೆಲಸವನ್ನು ತಡೆದು ಮಾಂಸದ ಕೋಳಿಗಳನ್ನು ಕೊಬ್ಬಿಸಲು ನೋಡಿದರು. ಆ ಕಾಲದಲ್ಲಿ ಕೊಬ್ಬಿದ ಕೋಳಿಗೇ ಬೆಲೆಯಿತ್ತು.

ಮುಂದೆ ಬ್ರಾಯ್ಲರ್ ಕೋಳಿಗಳಲ್ಲಿ ನಡೆದ ಪರೀಕ್ಷೆಗಳಿಂದ ಕಂಡುಬಂದ ಫಲವನ್ನು ಹೀಗೆ ಸಂಗ್ರಹಿಸಬಹುದು. ಟಿ-೩ ಬೆರಸಿದ ಮೇವನ್ನು ತಿಂದ ಕೋಳಿಗಳಲ್ಲಿ ಹೊಟ್ಟೆಯ ಕೊಬ್ಬು ಇಳಿಯಿತು. ಆದರೆ ಬೆಳೆವಣಿಗೆಯೂ ಕುಂಠಿತವಾಯಿತು. ಗ್ರಂಥಿಯನ್ನು ತಡೆಯುವ ಔಷಧವನ್ನು ತಿಂದುವುಗಳಲ್ಲಿಯೂ ಬೆಳೆವಣಿಗೆಯು ಕುಂಠಿತವಾಯಿತು. ಕೊಬ್ಬು ಮಾತ್ರ ಹೆಚ್ಚಿತು. ಎರಡು ದಾರಿಗಳಲ್ಲಿಯೂ ರೈತನಿಗೆ ನಷ್ಟವೇ.

ತಿನ್ನುವವರಿಗೆ ಒದಗಬಹುದಾದ ಹಾನಿಯು ಇದಕ್ಕಿಂತಲೂ ದೊಡ್ಡದು. ಥೈರಾಯ್ಡ್ ರಸವು ಬಾಯಿಂದ ಸೇವಿಸಿದರೂ ಕೆಲಸಮಾಡುತ್ತದೆ; ಬೇಯಿಸಿದ ಮಾತ್ರಕ್ಕೆ ನಾಶವಾಗುವುದಿಲ್ಲ. ೧೯೮೪-೮೫ರಲ್ಲಿ ಅಮೆರಿಕದ ಮಿನೆಸೋಟ ಮತ್ತು ಅದರ ನೆರೆಯ ಸಂಸ್ಥಾನಗಳಲ್ಲಿ ಅನೇಕರಿಗೆ ಎದೆಬಡಿತ, ನಡುಕ, ನಿದ್ರಾಹೀನತೆ ಇವು ಕಾಣಿಸಿಕೊಂಡುವು. ವಿಚಾರಿಸಲಾಗಿ, ದನದ ಕೊರಳಿನ ಮಾಂಸದೊಡನೆ ಥೈರಾಯ್ಡ್ ಗ್ರಂಥಿಯೂ ಸೇರಿ ಅರೆಯಲ್ಪಟ್ಟು ಮಾರಾಟವಾಗಿದ್ದುದೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. ಗ್ರಂಥಿಯನ್ನು ತಡೆಯುವ ಔಷಧಗಳನ್ನು ಮಾಂಸದ ಪ್ರಾಣಿಗಳಿಗೆ ಕೊಡುವುದನ್ನು ಯೂರೋಪಿನ ಸಮುದಾಯವು ೧೯೮೧ರಲ್ಲಿಯೇ ನಿಷೇಧಿಸಿತು. ಆದುದರಿಂದ ಕೊಬ್ಬನ್ನು ಕರಗಿಸುವುದೆಂದೋ ಮೈಯನ್ನು ತುಂಬಿಸುವುದೆಂದೋ ಹೇಳಿ ಯಾರಾದರೂ ಹೆಸರು ತಿಳಿಯದ ಪುಡಿಗಳನ್ನು ತಂದರೆ ಅವನ್ನು ಮೇವಿಗೆ ಬೆರಸಕೂಡದು.

ಗ್ರಂಥಿಗೆ ಔಷಧವು ಬೇಕಿಲ್ಲ. ಅದು ತನ್ನ ಕೆಲಸವನ್ನು ಮಾಡಲು ಅನುಕೂಲವಾದ ಮೇವೂ ಮನೆಯೂ ಬೇಕು. ಇವೆರಡೂ ಸಾಕುವವನ ಕೈಯಲ್ಲಿಯೇ ಇವೆ.

ಬೇಸಗೆಯ ಸೆಕೆ

ಕೋಳಿಯ ಮೈಶಾಖವು ಸುಮಾರು ೪೧ ಡಿಗ್ರಿ ಸೆಂಟಿಗ್ರೇಡು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯು ಹೆಚ್ಚಿದಾಗ ಅದು ಕೊಕ್ಕನ್ನು ತೆರೆದು ಏದುಸಿರುಬಿಡುತ್ತಾ, ರೆಕ್ಕೆಗಳನ್ನು ಅಗಲಿಸಿಕೊಂಡು ನಿಲ್ಲುವುದನ್ನು ಎಲ್ಲರೂ ಕಂಡಿರುವರು. ಹೊರಗೆ ಕಾಣದ ಇನ್ನೊಂದು ಉಪಾಯವನ್ನೂ ಅದು ಮಾಡುತ್ತದೆ. ರಕ್ತದಲ್ಲಿ ಟಿ-೩ ರಸವನ್ನು ಇಳಿಸಿ ಒಳಗಿನ ಒಲೆಯನ್ನು ಮಂದಮಾಡಿಕೊಳ್ಳುತ್ತದೆ. ಮೈಯೊಳಗೆ ಹುಟ್ಟುವ ಶಾಖವು ಇದರಿಂದ ಕಡಮೆಯಾಗಿ ಕೋಳಿಯ ಪ್ರಾಣವು ಉಳಿಯಬಹುದು. ಆದರೆ ಉರಿಯದೆ ಉಳಿದ ಸೌದೆಯು ಎಲ್ಲಿಯಾದರೂ ಕೂಡಲೇಬೇಕಷ್ಟೆ.

ಫ್ರಾನ್ಸಿನ ಸಂಶೋಧಕರು ೧೯೯೬ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಬ್ರಾಯ್ಲರ್ ಕೋಳಿಗಳನ್ನು ೩೨ ಡಿಗ್ರಿ ಶಾಖದಲ್ಲಿಯೂ ೨೨ ಡಿಗ್ರಿ ಶಾಖದಲ್ಲಿಯೂ ಬೇರೆಬೇರೆಯಾಗಿ ಬೆಳೆಸಿದರು. ಸೆಕೆಯಲ್ಲಿದ್ದ ಕೋಳಿಗಳು ತಿಂದಷ್ಟೇ ಮೇವನ್ನು ತಂಪಿನಲ್ಲಿದ್ದ ಕೆಲವು ಕೋಳಿಗಳಿಗೆ ಅಳೆದು ಕೊಟ್ಟರು. ಸೆಕೆಯ ಕೋಳಿಗಳು ಕಡಮೆ ತಿಂದುವು, ಕಡಮೆ ಬೆಳೆದುವು. ಆದರೂ ಅವುಗಳ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಾಯಿತು. ನಮ್ಮ ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳ ಹಗಲಿನ ಶಾಖವು ೪೦ ಡಿಗ್ರಿಯನ್ನು ಮೀರುವುದು ಸಾಮಾನ್ಯವಾದುದರಿಂದ, ಬೇಸಗೆಯ ತಂಡಗಳು ತೂಕದಲ್ಲಿ ಸೋತು ಕೊಬ್ಬಿನಲ್ಲಿ ಗೆಲ್ಲುವುದಕ್ಕೆ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಇದಕ್ಕೆ ಮೊದಲನೆಯ ಚಿಕಿತ್ಸೆಯು ನೆರಳು ಮತ್ತು ಗಾಳಿ. ಕೋಳಿಮನೆಯ ಉದ್ದವು ಪೂರ್ವಪಶ್ಚಿಮವಾಗಿರಬೇಕು. ಮಾಡಿನ ಸೂರು ಚೆನ್ನಾಗಿ ಮುಂಚಾಚಿರಬೇಕು. ಮಾಡಿನ ಮೇಲೆ ಹುಲ್ಲನ್ನೋ ಗರಿಯನ್ನೋ ಹೊದಿಸಿ ಅಥವಾ ಸುಣ್ಣವನ್ನು ಬಳಿದು ಬಿಸಿಲಿನ ತಾಪವನ್ನು ತಡೆಯಬೇಕು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಮೇವನ್ನು ಹಿಂದೆಗೆದು, ಮುಂಜಾನೆಯೂ ಸಂಜೆಯ ಮೇಲೆಯೂ ತಂಪು ಹೊತ್ತಿನಲ್ಲಿ ತಿನ್ನಿಸಬೇಕು. ತಣ್ಣೀರು ಮಾತ್ರ ಯಾವಾಗಲೂ ಸಿಕ್ಕುವಂತಿರಬೇಕು.

ಮೇವಿನ ಹದ

ಎರಡನೆಯ ಮತ್ತು ಮುಖ್ಯವಾದ ಚಿಕಿತ್ಸೆಯು ಮೇವಿನಲ್ಲಿ ಶಕ್ತಿಗೂ ಸಸಾರಜನಕಕ್ಕೂ ಇರಬೇಕಾದ ಹೊಂದಿಕೆ. ಹಣವನ್ನು ಉಳಿಸುವುದಕ್ಕಾಗಿ ಸೋಯಾ ಹಿಂಡಿ, ಕಡಲೆಕಾಯಿ ಹಿಂಡಿ ಮೊದಲಾದ ಬೆಲೆಯುಳ್ಳ ಪದಾರ್ಥಗಳನ್ನು ಕಡಮೆಮಾಡಿ ಜೋಳವನ್ನೇ ಹೆಚ್ಚಾಗಿ ಹಾಕುವ ರೂಢಿಯು ಕೆಲವು ಕಡೆ ಉಂಟು. ಇಂತಹ ಮೇವನ್ನು ತಿನ್ನುವ ಕೋಳಿಯು ತನಗೆ ಬೇಕಾದ ಸಸಾರಜನಕವು ದೊರೆಯಲೆಂದು ಹೆಚ್ಚು ತಿನ್ನುತ್ತದೆ; ಅದರೊಡನೆ ಬೇಡದ ಪಿಷ್ಟವೂ ಮೈಸೇರುತ್ತದೆ. ಇಲ್ಲಿ ಗ್ರಂಥಿಯ ನಡತೆಯು ಗಮನಾರ್ಹವಾದುದು. ಸಸಾರಜನಕವು ಸಾಲದ ಮೇವನ್ನು ತಿಂದ ಮರಿಗಳ ರಕ್ತದಲ್ಲಿ ಟಿ-೩ ಇಳಿಯುವುದಿಲ್ಲ, ಏರುತ್ತದೆ. ಮಿಕ್ಕ ಸೌದೆಯನ್ನು ಉರಿಸಿಹಾಕಲು ದೇಹವು ಒಲೆಯನ್ನು ಊದುವುದೆಂದೇ ಇದರ ಅರ್ಥ. ಆದರೂ ಕೊಬ್ಬು ಹೆಚ್ಚುತ್ತಲೇ ಹೋಗುತ್ತದೆ. ಸಾಕುವವನು ಮೇವಿನಲ್ಲಿ ಮಾಡಿದ ತಪ್ಪನ್ನು ಗ್ರಂಥಿಯು ಪೂರ್ತಿಯಾಗಿ ತಿದ್ದಲಾರದೆಂಬುದಕ್ಕೆ ಇದು ಒಳ್ಳೆಯ ಪಾಠ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ೧೯೯೪ರಲ್ಲಿ ಸೂಚಿಸಿದ ಪ್ರಮಾಣದಂತೆ, ಕಿಲೋಗ್ರಾಂ ಒಂದಕ್ಕೆ ೩,೨೦೦ ಕಿಲೋಕ್ಯಾಲೊರಿ ಶಕ್ತಿಯುಳ್ಳ ಬ್ರಾಯ್ಲರ್ ಮೇವಿನಲ್ಲಿ ಮೊದಲ ಮೂರು ವಾರಗಳಲ್ಲಿ ನೂರಕ್ಕೆ ೨೩, ಮೂರರಿಂದ ಆರನೆಯ ವಾರದವರೆಗೆ ೨೦, ಅನಂತರ ೧೮ ಪಾಲು ಸಸಾರಜನಕವಿರಬೇಕು. ಮೇವಿನ ಶಕ್ತಿಯನ್ನು ಕಡಮೆಮಾಡಿದರೆ ಸಸಾರಜನಕವನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು; ಶಕ್ತಿಯನ್ನು ಹಾಗೆಯೇ ಇಟ್ಟು ಸಸಾರಜನಕವನ್ನು ಮಾತ್ರ ಇಳಿಸಕೂಡದು. ಸಸಾರಜನಕದ ಮೊತ್ತದೊಡನೆ ಅದರೊಳಗಿನ ಲೈಸಿನ್, ಮೆಥಿಯೋನಿನ್ ಎಂಬ ಅಂಶಗಳೂ ಸಾಕಷ್ಟಿರಬೇಕು. ಬೇಸಗೆಯಲ್ಲಿ ಪಿಷ್ಟದ ಒಂದು ಭಾಗಕ್ಕೆ ಬದಲಾಗಿ ಸ್ವಲ್ಪ ಎಣ್ಣೆಯನ್ನು ಬೆರಸುವುದು ಒಳ್ಳೆಯದು. ಎಣ್ಣೆಯು ಜೀರ್ಣವಾಗುವಾಗ ಹುಟ್ಟುವ ಶಾಖವು ಕಡಮೆ.

ಗ್ರಂಥಿಗೆ ಕಚ್ಚಾ ಸಾಮಗ್ರಿಯಾದ ಅಯೋಡಿನ್ನಿನ ವಿಷಯವನ್ನೂ ಮರೆಯಬಾರದು. ಮೇಲೆ ಹೇಳಿದ ಮಂಡಲಿಯು ಬ್ರಾಯ್ಲರ್ ಮೇವಿನ ಕಿಲೋಗ್ರಾಂ ಒಂದಕ್ಕೆ ೦.೩೫ ಮಿಲಿಗ್ರಾಂ ಅಯೋಡಿನ್ನನ್ನು ವಿಧಿಸಿದೆ. ಒಂದು ಟನ್ನು ಮೇವಿಗೆ ಇದು ಗ್ರಾಮಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಅಡಿಗೆಗೆ ಬಳಸುವ ಅಯೋಡಿನ್ ಉಪ್ಪನ್ನು ಮೇವಿಗೆ ವಾಡಿಕೆಯಂತೆ ನೂರಕ್ಕೆ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬೆರಸಿದರೆ ಈ ಪ್ರಮಾಣವು ಪೂರ್ತಿಯಾಗುವುದಿಲ್ಲ. ಒಳ್ಳೆಯ ಖನಿಜ ಮಿಶ್ರಣವೂ ಇರಬೇಕು. ಸಾಸಿವೆ ಹಿಂಡಿಯಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಪದಾರ್ಥಗಳಿರುವುದರಿಂದ ಅದನ್ನು ಹೆಚ್ಚಾಗಿ ಹಾಕಬಾರದು. ಅಯೋಡಿನ್ನು ಒಳ್ಳೆಯದೆಂದು ಮಿತಿಮೀರಿ ಬೆರಸುವುದೂ ತಪ್ಪು. ಅತಿಯಾದ ಅಯೋಡಿನ್ನು ಹೇಂಟೆಗಳು ಮೊಟ್ಟೆಯಿಡುವುದನ್ನೇ ನಿಲ್ಲಿಸಬಲ್ಲುದು.

ಮೊಟ್ಟೆಕೋಳಿಗಳ ವಿಚಾರ

ಮಾಂಸದ ಕೋಳಿಯಲ್ಲಿ ಕೊಬ್ಬು ಹಣದ ನಷ್ಟವನ್ನು ಮಾತ್ರ ಉಂಟುಮಾಡಿದರೆ, ಮೊಟ್ಟೆಕೋಳಿಯಲ್ಲಿ ಪ್ರಾಣವನ್ನೇ ತೆಗೆಯಬಹುದು. ಒಂದು ಮೊಟ್ಟೆಯಲ್ಲಿ ಸುಮಾರು ೫ ಗ್ರಾಂ ಕೊಬ್ಬು ಇರುವುದು. ಇದನ್ನು ದಿನದಿನವೂ ಯಕೃತ್ತೇ ಒದಗಿಸಬೇಕಾದುದರಿಂದ, ಮೊಟ್ಟೆಯಿಡುವ ಹೇಂಟೆಯ ಯಕೃತ್ತಿನಲ್ಲಿ ಕೊಬ್ಬು ಸ್ವಲ್ಪ ಹೆಚ್ಚಾಗಿರುವುದು ಸ್ವಾಭಾವಿಕ. ಆದರೆ ಪಂಜರದಲ್ಲಿ ಅಡ್ಡಾಡಲು ಎಡೆಯಿಲ್ಲದೆ, ಶಕ್ತಿಯು ಅತಿಯಾದ ಮೇವನ್ನು ತಿಂದು, ಬೇಸಗೆಯ ಸೆಕೆಯಲ್ಲಿ ಒಳಗಿನ ಒಲೆಯೂ ಮಂದವಾದರೆ, ಕೊಬ್ಬು ಯಕೃತ್ತಿನಲ್ಲಿಯೇ ಕಟ್ಟಿಕೊಳ್ಳುತ್ತದೆ. ಯಕೃತ್ತು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವಂತಾಗಿ, ಒಂದು ದಿವಸ ಒಡೆದು ರಕ್ತವು ಸುರಿದು ಹೇಂಟೆಯು ಹಠಾತ್ತಾಗಿ ಸಾಯುತ್ತದೆ. ಈ ವ್ಯಾಧಿಯನ್ನು ೧೯೫೬ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೊದಲು ವರ್ಣಿಸಿದರು. ಸಾಯುವುದು ಬಡಕಲು ಕೋಳಿಯಲ್ಲ. ನೋಡಲು ಪುಷ್ಟವಾಗಿ, ಮೊಟ್ಟೆಯನ್ನು ಕೊಡುತ್ತಿದ್ದ ಕೋಳಿಯೇ. ಸತ್ತ ಹೇಂಟೆಯ ಜುಟ್ಟು ಬಿಳಿಚಿಕೊಂಡಿದ್ದು, ಹೊಟ್ಟೆಯೊಳಗೆ ಹೆಪ್ಪುಗಟ್ಟಿದ ರಕ್ತವಿದ್ದರೆ ಈ ವ್ಯಾಧಿಯನ್ನು ಶಂಕಿಸಿ ಪಶುವೈದ್ಯರಿಗೆ ತೋರಿಸತಕ್ಕದ್ದು.

ಇದನ್ನು ಮುಂಚಿತವಾಗಿಯೇ ಗುರುತಿಸುವುದು ಕಷ್ಟವಲ್ಲ. ಹೇಂಟೆಯನ್ನು ಕೈಯಲ್ಲಿ ಹಿಡಿದು, ಎದೆಯ ಎಲುಬಿನ ತುದಿಗೂ ಹಿಂಭಾಗದ ಎರಡು ಕಿರಿಯ ಎಲುಬುಗಳಿಗೂ ನಡುವೆ ಬೆರಳುಗಳಿಂದ ಒತ್ತಿ ನೋಡಬೇಕು. ಆ ಭಾಗವು ಮೆತ್ತಗೆ ಬಗ್ಗುವಂತಿದ್ದರೆ ಸರಿ. ದಪ್ಪನಾಗಿ ಗಟ್ಟಿಯಾಗಿದ್ದರೆ ಕೊಬ್ಬು ಕೂಡಿದೆಯೆಂದು ತಿಳಿಯಬೇಕು. ತಂಡದಲ್ಲಿ ಕೆಲವನ್ನು ವಾರಕ್ಕೊಮ್ಮೆ ತೂಗಿ ಬರೆದಿಡುವುದು ಇನ್ನೂ ಉತ್ತಮ.

ಸಾರಾಂಶ

ಮೇಲೆ ಹೇಳಿದುದರಲ್ಲಿ ಸಾಕುವವರು ಮುಖ್ಯವಾಗಿ ನೆನಪಿಡಬೇಕಾದ ಅಂಶಗಳು ಇವು:

೧. ಮೇವಿನಲ್ಲಿ ಜೋಳವನ್ನು ಹೆಚ್ಚಿಸಿ ಹಿಂಡಿಯನ್ನು ಕಡಮೆಮಾಡುವುದು ಉಳಿತಾಯವಲ್ಲ. ಉಳಿಸಿದ ಹಣವು ಕೊಬ್ಬಾಗಿ ಅಂಗಡಿಯಲ್ಲಿ ಎಸೆಯಲ್ಪಡುವುದು.

೨. ಬೇಸಗೆಯಲ್ಲಿ ನೆರಳು, ಗಾಳಿ, ತಣ್ಣೀರುಗಳನ್ನು ಒದಗಿಸಿ, ತಂಪು ಹೊತ್ತಿನಲ್ಲಿ ಮೇವನ್ನು ಕೊಡಬೇಕು.

೩. ಉಪ್ಪು ಮತ್ತು ಖನಿಜ ಮಿಶ್ರಣದ ಮೂಲಕ ಅಯೋಡಿನ್ನನ್ನು ನಿಯಮಿತವಾದ ಪ್ರಮಾಣದಲ್ಲಿ ಮಾತ್ರ ಕೊಡಬೇಕು.

೪. ಥೈರಾಯ್ಡ್ ರಸವನ್ನಾಗಲಿ ಅದನ್ನು ತಡೆಯುವ ಔಷಧವನ್ನಾಗಲಿ ಮೇವಿಗೆ ಬೆರಸಕೂಡದು.

೫. ಮೊಟ್ಟೆಕೋಳಿಗಳನ್ನು ಆಗಾಗ್ಗೆ ತೂಗಿ, ಹೊಟ್ಟೆಯನ್ನು ಮುಟ್ಟಿ ನೋಡಿ, ಕೊಬ್ಬುವ ಸೂಚನೆ ಕಂಡೊಡನೆ ಮೇವಿನ ಶಕ್ತಿಯನ್ನು ಇಳಿಸಬೇಕು.

ಕೊರಳಿನ ಬುಡದಲ್ಲಿ ಅಡಗಿರುವ ಆ ಎರಡು ಸಣ್ಣ ಗಡ್ಡೆಗಳು ರೈತನ ಕಣ್ಣಿಗೆ ಬೀಳುವುದಿಲ್ಲ. ಆದರೂ ಅವನು ಹಾಕುವ ಪ್ರತಿ ಬೊಗಸೆ ಮೇವಿಗೂ, ಕಟ್ಟುವ ಪ್ರತಿ ಸೂರಿಗೂ ಅವು ಉತ್ತರವನ್ನು ಕೊಡುತ್ತಲೇ ಇರುವುವು. ಆ ಉತ್ತರವನ್ನು ಮುಂದಿನ ತಂಡದ ತೂಕದ ಲೆಕ್ಕದಲ್ಲಿಯೂ, ಹೊಟ್ಟೆಯನ್ನು ಬಿಡಿಸಿದಾಗ ಕಾಣುವ ಹಳದಿಯ ಮುದ್ದೆಯಲ್ಲಿಯೂ ಓದಿ ತಿಳಿದುಕೊಳ್ಳುವ ರೈತನು ಎರಡು ಮೂಟೆ ಮೇವಿನ ಬೆಲೆಯನ್ನು ಉಳಿಸಿಕೊಳ್ಳುವನು.